ನಿಂತ ಮರದ ಹೆಸರಿಗೆ ಹಣ ಬರುವುದು ಎಲ್ಲಿಂದ?

ವಾರಾಂತ್ಯಕ್ಕೆ ಕೊಡಗಿಗೆ ಬಂದು ಹೋಗುವ ಪ್ರವಾಸಿಯ ಜೇಬಿನಲ್ಲಿ ಭಾನುವಾರ ಸಂಜೆಯ ಹೊತ್ತಿಗೆ ಮೂರು ಟಿಕೆಟ್‌ಗಳಾದರೂ ಇರುತ್ತವೆ. ಒಂದು ಮಡಿಕೇರಿಯ ರಾಜಾಸೀಟ್ ಉದ್ಯಾನದ್ದು; ಅದನ್ನು ನೋಡಿಕೊಳ್ಳುವುದು ತೋಟಗಾರಿಕೆ ಇಲಾಖೆ. ಇನ್ನೊಂದು ಕುಟ್ಟದ ಬಳಿಯ ನಾಣಚ್ಚಿ ಗೇಟಿನಿಂದ ಹೊರಡುವ ನಾಗರಹೊಳೆ ಸಫಾರಿಯದು. ಅದು ಹುಲಿ ಸಂರಕ್ಷಿತ ಪ್ರದೇಶದ ಲೆಕ್ಕ. ಮೂರನೆಯದು ಬ್ರಹ್ಮಗಿರಿ ಅಭಯಾರಣ್ಯದ ಅಂಚಿನಲ್ಲಿರುವ ಇರ್ಪು ಜಲಪಾತದ್ದು. ಕೊಟ್ಟವರ ಮಟ್ಟಿಗೆ ಮೂರೂ ‘ಸರ್ಕಾರಕ್ಕೆ ಕಟ್ಟಿದ ದುಡ್ಡು’. ಆದರೆ ಅವು ಹೋಗಿ ಬೀಳುವ ಪೆಟ್ಟಿಗೆ ಒಂದೇ ಅಲ್ಲ, ಅಲ್ಲಿಂದ ಹೊರಗೆ ಬರುವ ದಾರಿಯೂ ಒಂದೇ ಅಲ್ಲ. ಕಾಡನ್ನು ಕಾಯುವ ಹಣ ಯಾವ ದಾರಿಯಲ್ಲಿ ಬರುತ್ತದೆ ಎಂಬುದರ ಮೇಲೆ ಆ ಕಾಡಿನಲ್ಲಿ ಏನು ನಡೆಯುತ್ತದೆ, ಏನು ನಡೆಯುವುದಿಲ್ಲ ಎಂಬುದು ನಿಂತಿದೆ.

ಈ ಲೆಕ್ಕವನ್ನು ಬಿಡಿಸುತ್ತ ಹೋದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ನಮ್ಮ ವ್ಯವಸ್ಥೆಯಲ್ಲಿ ಕಾಡು ಕಡಿದಾಗ ಹಣ ಹುಟ್ಟುತ್ತದೆ. ಆನೆ ಮನುಷ್ಯನನ್ನು ತುಳಿದಾಗ ಹಣ ಬಿಡುಗಡೆಯಾಗುತ್ತದೆ. ಹುಲಿ ಓಡಾಡುವಲ್ಲಿ ದೆಹಲಿಯಿಂದ ಹಣ ಬರುತ್ತದೆ. ಯಾರಿಗೂ ತೊಂದರೆ ಕೊಡದೆ, ನೀರು ಹಿಡಿದುಕೊಂಡು ಸುಮ್ಮನೆ ನಿಂತಿರುವ ಮರಕ್ಕೆ ಮಾತ್ರ ಖಾತೆಯೇ ಇಲ್ಲ. ಕೊಡಗಿನಂಥ ಜಿಲ್ಲೆಗೆ ಇದು ದೊಡ್ಡ ಪೆಟ್ಟು, ಏಕೆಂದರೆ ಇಲ್ಲಿನ ಮರಗಳಲ್ಲಿ ಬಹುಪಾಲು ಅಂಥವೇ.

ಮೊದಲು ನೆಲದ ಹಂಚಿಕೆ ನೋಡೋಣ. ಜಿಲ್ಲೆಯ ವಿಸ್ತೀರ್ಣ 4,102 ಚದರ ಕಿಲೋಮೀಟರ್. ನಾಗರಹೊಳೆ ರಾಷ್ಟ್ರೀಯ ಉದ್ಯಾನದ 643 ಚದರ ಕಿಲೋಮೀಟರ್ ಕೊಡಗು ಮತ್ತು ಮೈಸೂರು ಜಿಲ್ಲೆಗಳ ನಡುವೆ ಹಂಚಿಹೋಗಿದೆ. ಅದರ ಮುಖ್ಯ ಕಚೇರಿ ಇರುವುದು ಹುಣಸೂರಿನಲ್ಲಿ. ಪಶ್ಚಿಮ ಘಟ್ಟದ ಏಣಿನ ಮೇಲೆ ಮೂರು ಅಭಯಾರಣ್ಯಗಳಿವೆ: ಬ್ರಹ್ಮಗಿರಿ 181, ಪುಷ್ಪಗಿರಿ 102, ತಲಕಾವೇರಿ 105 ಚದರ ಕಿಲೋಮೀಟರ್. ಪಾಡಿನಾಲ್ಕುನಾಡು, ಕೆರ್ಟಿಯಂಥ ಮೀಸಲು ಅರಣ್ಯಗಳು ಬೇರೆ. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಈ ಅಭಯಾರಣ್ಯಗಳೂ ಈ ಎರಡು ಮೀಸಲು ಅರಣ್ಯಗಳೂ ಅದರಲ್ಲಿ ಬಂದವು. ಇವಿಷ್ಟು ಸರ್ಕಾರಿ ಕಾಡು. ಇದರಾಚೆಗೆ ಊರೂರಿನ ದೇವರಕಾಡುಗಳು, ಗದ್ದೆಯ ಸೊಪ್ಪು ಸೌದೆಗೆಂದು ಬಿಟ್ಟ ಬಾಣೆಗಳು, ಮತ್ತು ಮರಗಳ ನೆರಳಿನಲ್ಲಿ ಬೆಳೆಯುವ ಕಾಫಿ ತೋಟಗಳು. ಆನೆಗೆ, ಮಂಗಟ್ಟೆ ಹಕ್ಕಿಗೆ, ಕೆಂಜಳಿಲಿಗೆ ಈ ಗಡಿಗಳು ಗೊತ್ತಿಲ್ಲ. ಖಜಾನೆಗೆ ಗಡಿಗಳು ಮಾತ್ರ ಗೊತ್ತು.

ಸರ್ಕಾರಿ ಕಾಡಿಗೆ ಹಣ ಬರುವ ಹಳೆಯ ದಾರಿ ರಾಜ್ಯದ ಬಜೆಟ್. ಲೆಕ್ಕಪತ್ರದ ಭಾಷೆಯಲ್ಲಿ 2406 ಎಂಬ ಶೀರ್ಷಿಕೆಯಡಿ ಅರಣ್ಯ ಮತ್ತು ವನ್ಯಜೀವಿ ಖರ್ಚು ಬರುತ್ತದೆ. ಸಂಬಳ, ಡೀಸೆಲ್, ದಿನಗೂಲಿ, ನರ್ಸರಿ, ಕಟ್ಟಡ ದುರಸ್ತಿ ಎಲ್ಲಕ್ಕೂ ಇದೇ ಮೂಲ. ಒಂದು ಕಾಲದಲ್ಲಿ ಅರಣ್ಯ ಇಲಾಖೆ ಸರ್ಕಾರಕ್ಕೆ ದುಡಿದು ಕೊಡುವ ಇಲಾಖೆಯಾಗಿತ್ತು ಎಂಬುದನ್ನು ಇಲ್ಲಿ ಮರೆಯಬಾರದು. ನಾಗರಹೊಳೆಯ ಒಳಗೆ ಸಾಲುಸಾಲಾಗಿ ನಿಂತಿರುವ ತೇಗದ ತೋಪುಗಳು ಆ ಕಾಲದ ಗುರುತು. ತೇಗ, ಬೀಟೆ, ಹೊನ್ನೆ ಕಡಿದು ಮಾರಿದ ದುಡ್ಡು ಖಜಾನೆ ತುಂಬುತ್ತಿತ್ತು, ಅದರಲ್ಲಿ ಒಂದು ಪಾಲು ಇಲಾಖೆಗೆ ಮರಳುತ್ತಿತ್ತು. 1976ರಲ್ಲಿ ಸಂವಿಧಾನದ 42ನೇ ತಿದ್ದುಪಡಿ ಅರಣ್ಯವನ್ನು ರಾಜ್ಯಪಟ್ಟಿಯಿಂದ, ಕೇಂದ್ರವೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಗೆ ತಂದಿತು. ಕೊಡಗಿನಿಂದ ಬಹಳ ದೂರವಲ್ಲದ ಗೂಡಲೂರಿನ ಮರ ಕಡಿತವನ್ನು ಪ್ರಶ್ನಿಸಿ ಗೋದಾವರ್ಮನ್ ತಿರುಮುಲ್ಪಾಡ್ ಅವರು ಹಾಕಿದ ಅರ್ಜಿಯ ಮೇಲೆ 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ ಕೊಟ್ಟ ಆದೇಶ ಇಡೀ ದೇಶದಲ್ಲಿ ಕೊಡಲಿಗೆ ಕಡಿವಾಣ ಹಾಕಿತು. ಅಲ್ಲಿಗೆ ಕಾಡು ಗಳಿಕೆಯ ಬಾಬತ್ತಿನಿಂದ ಖರ್ಚಿನ ಬಾಬತ್ತಿಗೆ ಜಾರಿತು. ಖರ್ಚಿನ ಬಾಬತ್ತಿಗೆ ಬಂದವರನ್ನು ಹಣಕಾಸು ಇಲಾಖೆ ಹೇಗೆ ನೋಡುತ್ತದೆ ಎಂಬುದು ಸರ್ಕಾರಿ ಕನ್ನಡ ಶಾಲೆಗಳನ್ನು ನೋಡಿದವರಿಗೆ ಹೇಳಬೇಕಾಗಿಲ್ಲ.

ಬಜೆಟ್ಟಿನ ಹಿಂದೆ ಇನ್ನೊಂದು ಲೆಕ್ಕ ಅಡಗಿದೆ. ಕೇಂದ್ರದ ತೆರಿಗೆಯನ್ನು ರಾಜ್ಯಗಳಿಗೆ ಹಂಚುವಾಗ 14ನೇ ಹಣಕಾಸು ಆಯೋಗ ಅರಣ್ಯ ಹೊದಿಕೆಗೆ ಶೇ 7.5ರಷ್ಟು ತೂಕ ಕೊಟ್ಟಿತು, 15ನೇ ಆಯೋಗ ಅದನ್ನು ಶೇ 10ಕ್ಕೆ ಏರಿಸಿತು. ಎಂದರೆ ಕೊಡಗು, ಉತ್ತರ ಕನ್ನಡ, ಶಿವಮೊಗ್ಗದಲ್ಲಿ ಕಾಡು ಉಳಿದಿರುವುದರಿಂದ ಕರ್ನಾಟಕಕ್ಕೆ ದೆಹಲಿಯಿಂದ ಒಂದಷ್ಟು ಹಣ ಹೆಚ್ಚು ಬರುತ್ತದೆ. ಆ ಎರಡು ಆಯೋಗಗಳ ನಡುವೆ ರಾಜ್ಯದ ಒಟ್ಟು ಪಾಲು ಬೇರೆ ಕಾರಣಗಳಿಂದ ಶೇ 4.713ರಿಂದ 3.647ಕ್ಕೆ ಕುಸಿಯಿತು, ಅದು ಬೇರೆ ಜಗಳ. ಇಲ್ಲಿ ಗಮನಿಸಬೇಕಾದದ್ದು ಇಷ್ಟೇ: ಕಾಡಿನ ಲೆಕ್ಕ ತೋರಿಸಿ ಬಂದ ಈ ಹಣವನ್ನು ಕಾಡಿಗೇ ಖರ್ಚು ಮಾಡಬೇಕೆಂಬ ಷರತ್ತು ಇಲ್ಲ. ಅದು ರಾಜ್ಯದ ಎಲ್ಲ ವರಮಾನ ಬೀಳುವ ಸಂಚಿತ ನಿಧಿಗೆ ಸೇರಿ ರಸ್ತೆಯಾಗಬಹುದು, ಪಿಂಚಣಿಯಾಗಬಹುದು, ಸಾಲದ ಬಡ್ಡಿಯಾಗಬಹುದು. ಮರ ನಿಂತದ್ದು ಭಾಗಮಂಡಲದ ಮೇಲಿನ ಬೆಟ್ಟದಲ್ಲಿ, ಅದರ ಹೆಸರಿನ ಹಣ ಎಲ್ಲೋ.

ಇನ್ನು ಹುಲಿಯ ದಾರಿ. 1973ರ ಏಪ್ರಿಲ್ 1ರಂದು ಶುರುವಾದ ಹುಲಿ ಯೋಜನೆಯಲ್ಲಿ ಪಕ್ಕದ ಬಂಡೀಪುರ ಮೊದಲ ತಂಡದಲ್ಲೇ ಇತ್ತು. ನಾಗರಹೊಳೆ 1999ರಲ್ಲಿ ಅದರ ಜೊತೆಗೂಡಿ, 2007ರಲ್ಲಿ ಸ್ವತಂತ್ರ ಹುಲಿ ಸಂರಕ್ಷಿತ ಪ್ರದೇಶವಾಯಿತು. 2022ರ ಗಣತಿಯ ಪ್ರಕಾರ ಅಲ್ಲಿ 141 ಹುಲಿಗಳಿದ್ದವು. ಹಣದ ನಿಯಮ ಹೀಗಿದೆ: ಶಿಬಿರ ಕಟ್ಟುವುದು, ವಾಹನ ಕೊಳ್ಳುವುದು ಮುಂತಾದ ಒಮ್ಮೆ ಮಾತ್ರ ಮಾಡುವ ವೆಚ್ಚಕ್ಕೆ ಕೇಂದ್ರ ಶೇ 60, ರಾಜ್ಯ ಶೇ 40; ವರ್ಷವರ್ಷ ಮರುಕಳಿಸುವ ವೆಚ್ಚಕ್ಕೆ ಅರ್ಧ ಅರ್ಧ. ಪ್ರತಿ ವರ್ಷ ಉದ್ಯಾನದ ಅಧಿಕಾರಿಗಳು ಕಾರ್ಯಯೋಜನೆ ಬರೆದು ಕಳಿಸುತ್ತಾರೆ. ಅದು ಬೆಂಗಳೂರಿನ ಮೂಲಕ ದೆಹಲಿಯ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರಕ್ಕೆ ಹೋಗಿ, ಮಂಜೂರಾಗಿ, ಹಣ ಕಂತುಗಳಲ್ಲಿ ಬರುತ್ತದೆ. ಬಂದ ಹಣ ಮೊದಲು ರಾಜ್ಯದ ಖಜಾನೆಗೆ, ಅಲ್ಲಿ ರಾಜ್ಯದ ಪಾಲು ಸೇರಿಸಿಕೊಂಡು ಯೋಜನೆಯ ಖಾತೆಗೆ, ಆಮೇಲೆ ಕಾಡಿಗೆ. ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ ಕೊಡದೆ ಮುಂದಿನ ಕಂತು ಇಲ್ಲ. ಕಾಗದದ ಮೇಲೆ ಇದರಲ್ಲಿ ತಪ್ಪೇನಿಲ್ಲ. ಸಾರ್ವಜನಿಕ ಹಣಕ್ಕೆ ಲೆಕ್ಕ ಇರಲೇಬೇಕು.

ತೊಡಕು ಇರುವುದು ಕ್ಯಾಲೆಂಡರಿನಲ್ಲಿ. ಸರ್ಕಾರದ ವರ್ಷ ಏಪ್ರಿಲ್ ಒಂದಕ್ಕೆ ಹುಟ್ಟಿ ಮಾರ್ಚ್ 31ಕ್ಕೆ ಸಾಯುತ್ತದೆ. ಕಾಡಿನ ವರ್ಷಕ್ಕೆ ಅಂಥ ಹುಟ್ಟು ಸಾವಿಲ್ಲ. ಮುಂಗಾರು ಹಿಂಗಾರು ಮುಗಿದು ಹುಲ್ಲು ಒಣಗತೊಡಗಿದ ಮೇಲೆ, ನವೆಂಬರಿನಿಂದ ಜನವರಿಯೊಳಗೆ, ಬೆಂಕಿರೇಖೆಗಳ ಕೆಲಸ ಆಗಬೇಕು. ರಸ್ತೆಯ ಎರಡೂ ಬದಿಯ ಲಂಟಾನ, ಕಮ್ಯುನಿಸ್ಟ್ ಗಿಡದಂಥ ಕಳೆ, ಒಣಹುಲ್ಲು ಸವರಿ, ಒಟ್ಟಿ, ಮಂಜು ಬೀಳುವ ಹೊತ್ತು ನೋಡಿ ಹದವಾಗಿ ಸುಡಬೇಕು. ಫೆಬ್ರವರಿಯಿಂದ ಮೊದಲ ಮಳೆಯವರೆಗೆ ಬೆಂಕಿ ಕಾವಲುಗಾರರು ಬೇಕು. ಇವರು ಹೆಚ್ಚಾಗಿ ಕಾಡಂಚಿನ ಹಾಡಿಗಳ, ಎಂದರೆ ಆದಿವಾಸಿ ಕೇರಿಗಳ, ಜೇನುಕುರುಬರು, ಯರವರು. ಹೊಗೆಯ ವಾಸನೆಯಿಂದಲೇ ಬೆಂಕಿ ಯಾವ ದಿಕ್ಕಿಗಿದೆ ಎಂದು ಹೇಳಬಲ್ಲವರು. ಇವರ ಕೂಲಿ ಫೆಬ್ರವರಿಯಲ್ಲಿ ಶುರುವಾಗಿ, ಮಾರ್ಚ್ ದಾಟಿ, ಮೇ ತಿಂಗಳಲ್ಲಿ ಮುಗಿಯುತ್ತದೆ. ಎಂದರೆ ಒಂದೇ ಬೇಸಿಗೆ ಎರಡು ಹಣಕಾಸು ವರ್ಷಗಳಿಗೆ ಹರಿದುಹೋಗುತ್ತದೆ. ಹಳೆಯ ವರ್ಷದ ಹಣ ಮುಗಿದಿರುತ್ತದೆ ಅಥವಾ ವಾಪಸು ಹೋಗಿರುತ್ತದೆ, ಹೊಸ ವರ್ಷದ್ದು ಇನ್ನೂ ಮಂಜೂರಾಗಿರುವುದಿಲ್ಲ. ಸರಿಯಾಗಿ ಬೆಂಕಿ ಹೆಚ್ಚಿರುವ ವಾರಗಳಲ್ಲಿ ಕಾಡು ಸಾಲದ ಮೇಲೆ ನಡೆಯುತ್ತದೆ. ರೇಷನ್ ಅಂಗಡಿಯವರು ಶಿಬಿರಕ್ಕೆ ಉದ್ದರಿ ಕೊಡುತ್ತಾರೆ, ಗಸ್ತಿನವರು ತಮ್ಮ ಜೇಬಿನಿಂದ ಪೆಟ್ರೋಲು ಹಾಕಿಸುತ್ತಾರೆ. 2012ರ ಬೇಸಿಗೆಯಲ್ಲಿ ನಾಗರಹೊಳೆ ಉರಿಯಿತು, 2019ರ ಫೆಬ್ರವರಿಯಲ್ಲಿ ಬಂಡೀಪುರ ಉರಿಯಿತು. ಎರಡಕ್ಕೂ ಬೇರೆ ಬೇರೆ ಕಾರಣಗಳಿದ್ದವು, ಎಲ್ಲವನ್ನೂ ಖಜಾನೆಯ ತಲೆಗೆ ಕಟ್ಟಲಾಗದು. ಆದರೆ ಜೂನ್ ತಿಂಗಳಲ್ಲಿ ಬಂದ ಬೆಂಕಿರೇಖೆಯ ಹಣ, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಕಾಡಿಗೆ ಎಷ್ಟು ಕೋಟಿ ಕೊಟ್ಟರು ಎಂದು ಪತ್ರಿಕೆಗಳು ಕೇಳುತ್ತವೆ. ಯಾವ ತಿಂಗಳಲ್ಲಿ ಕೊಟ್ಟರು ಎಂದು ಕೇಳಿದ ವರದಿ ನನ್ನ ಕಣ್ಣಿಗೆ ಬಿದ್ದದ್ದು ಕಡಿಮೆ.

ಈ ಕಂತಿನ ಕಾಟದಿಂದ ಸ್ವಲ್ಪವಾದರೂ ಬಿಡುಗಡೆ ಕೊಡುವುದು ಗೇಟಿನ ಹಣ. 2006ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಬಂದ ತಿದ್ದುಪಡಿ ಪ್ರತಿ ಹುಲಿ ಸಂರಕ್ಷಿತ ಪ್ರದೇಶಕ್ಕೂ ಒಂದು ಹುಲಿ ಸಂರಕ್ಷಣಾ ಪ್ರತಿಷ್ಠಾನ ಇರಬೇಕು ಎಂದಿತು. ಸಫಾರಿಯ ಶುಲ್ಕ, ಪ್ರವೇಶ ಶುಲ್ಕ, ದೇಣಿಗೆ ಇದಕ್ಕೆ ಸೇರುತ್ತವೆ. ಖಜಾನೆಗೆ ಹೋಗಿ ಕಳೆದುಹೋಗುವುದಿಲ್ಲ. ತುರ್ತಾಗಿ ಜೀಪ್ ರಿಪೇರಿ ಮಾಡಿಸಬೇಕಾದರೆ ದೆಹಲಿಯ ಕಡೆ ಮುಖ ಮಾಡಿ ಕೂರಬೇಕಾಗಿಲ್ಲ. ಒಳ್ಳೆಯ ಏರ್ಪಾಡು, ಸಂಶಯವಿಲ್ಲ. ಆದರೆ ಪ್ರವಾಸಿ ಬರದಿದ್ದರೆ? 2020ರಲ್ಲಿ ಕೊರೊನಾ ಬಂದು ಗೇಟು ಮುಚ್ಚಿತು. 2025ರ ನವೆಂಬರಿನಲ್ಲಿ ಮೈಸೂರು ಭಾಗದಲ್ಲಿ ಹುಲಿ ದಾಳಿಗೆ ಜನ ಬಲಿಯಾದಾಗ ನಾಗರಹೊಳೆ, ಬಂಡೀಪುರಗಳ ಸಫಾರಿ ನಿಲ್ಲಿಸಲು ಸರ್ಕಾರವೇ ಆದೇಶಿಸಿತು. ಜನರನ್ನೂ ಹುಲಿಯನ್ನೂ ಕಾಯಲು ಹೆಚ್ಚು ಸಿಬ್ಬಂದಿ ಬೇಕಾದ ಗಳಿಗೆಯಲ್ಲೇ ಗೇಟಿನ ಗಳಿಕೆ ನಿಲ್ಲುತ್ತದೆ.

ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದು. ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಹುಲಿ ಸಂರಕ್ಷಿತ ಪ್ರದೇಶಗಳಲ್ಲ. ಆದ್ದರಿಂದ ಹುಲಿಯ ಹೆಸರಿನ ಹಣವೂ ಇಲ್ಲ, ಕಾಯ್ದೆ ಹೇಳಿದ ಪ್ರತಿಷ್ಠಾನವೂ ಇಲ್ಲ. ಇವು ವನ್ಯಜೀವಿ ಆವಾಸಗಳ ಸಮಗ್ರ ಅಭಿವೃದ್ಧಿ ಎಂಬ ಕೇಂದ್ರದ ಯೋಜನೆಯಲ್ಲಿ ದೇಶದ ನೂರಾರು ಅಭಯಾರಣ್ಯಗಳ ಸಾಲಿನಲ್ಲಿ ನಿಲ್ಲಬೇಕು. ಶೋಲಾ ಕಾಡು, ಹುಲ್ಲುಗಾವಲು, ಕಾವೇರಿಯ ಮೊದಲ ತೊರೆಗಳು ಇರುವುದು ಇಲ್ಲಿ. ಸಫಾರಿ ಜೀಪಿಗೆ ತೋರಿಸಲು ಏನೂ ಇಲ್ಲದ ಕಡಿದಾದ, ಜಿಗಣೆಯ ಕಾಡು. ಚಾರಣದ ಶುಲ್ಕ ಒಂದಿಷ್ಟು ಬರುತ್ತದೆ. 2024ರ ಜನವರಿಯಲ್ಲಿ ಪುಷ್ಪಗಿರಿಯ ಕುಮಾರ ಪರ್ವತಕ್ಕೆ ಜನ ಜಾತ್ರೆಯಂತೆ ನುಗ್ಗಿದ ಮೇಲೆ ಆನ್‌ಲೈನ್ ಬುಕಿಂಗ್, ದಿನದ ಮಿತಿ ಎಲ್ಲ ಬಂದವು. ಹೆಚ್ಚು ಜನ ಹತ್ತಿದರೆ ಹೆಚ್ಚು ಹಣ, ಹೆಚ್ಚು ಜನ ಹತ್ತಿದರೆ ಬೆಟ್ಟ ಹಾಳು. ಇಂಥ ಜಾಗಕ್ಕೆ ಗೇಟಿನ ಹಣವನ್ನು ನಂಬಿಕೊಳ್ಳಲು ಹೇಳುವುದೇ ತಪ್ಪು.

ಈಗ ದೊಡ್ಡ ಪೆಟ್ಟಿಗೆಯ ಮಾತು: ಕ್ಯಾಂಪಾ, ಎಂದರೆ ಬದಲಿ ಅರಣ್ಯೀಕರಣದ ನಿಧಿ. ರಸ್ತೆ, ಗಣಿ, ಅಣೆಕಟ್ಟು, ವಿದ್ಯುತ್ ಮಾರ್ಗಕ್ಕಾಗಿ ಅರಣ್ಯ ಭೂಮಿಯನ್ನು ಕೇಳುವವರು ಬದಲಿ ಅರಣ್ಯೀಕರಣದ ಖರ್ಚು ಕಟ್ಟಬೇಕು. ಜೊತೆಗೆ ಕಳೆದುಹೋಗುವ ಕಾಡಿನ ‘ನಿವ್ವಳ ಪ್ರಸಕ್ತ ಮೌಲ್ಯ’ವನ್ನೂ ಕಟ್ಟಬೇಕು. ಮರದ ದಿಮ್ಮಿಯ ಬೆಲೆ ಮಾತ್ರವಲ್ಲ, ಆ ಕಾಡು ಮುಂದೆ ಕೊಡಬಹುದಾಗಿದ್ದ ನೀರು, ಮಣ್ಣು, ಗಾಳಿ, ಜೀವಿಗಳ ನೆಲೆ ಇವಕ್ಕೆಲ್ಲ ಇಂದಿನ ದರದಲ್ಲಿ ಹಾಕಿದ ಬೆಲೆ ಅದು. 2008ರಲ್ಲಿ ಸುಪ್ರೀಂ ಕೋರ್ಟ್ ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿಯವರೆಗೆ ದರ ಒಪ್ಪಿತು. 2022ರಲ್ಲಿ ಅದು 9.57 ಲಕ್ಷದಿಂದ 15.95 ಲಕ್ಷಕ್ಕೆ ಏರಿತು. ಕೊಡಗಿನಂಥ ಮಳೆಕಾಡಿಗೆ ಮೇಲಿನ ದರಗಳೇ ಅನ್ವಯ. ಅಭಯಾರಣ್ಯದ ಒಳಗಾದರೆ ಐದು ಪಟ್ಟು, ರಾಷ್ಟ್ರೀಯ ಉದ್ಯಾನದ ಒಳಗಾದರೆ ಹತ್ತು ಪಟ್ಟು. ಲೆಕ್ಕ ಹಾಕಿ: ನಾಗರಹೊಳೆಯ ದಟ್ಟ ಕಾಡಿನ ಒಂದು ಹೆಕ್ಟೇರ್, ಎಂದರೆ ಸುಮಾರು ಎರಡೂವರೆ ಎಕರೆ, ಬೇರೆ ಕೆಲಸಕ್ಕೆ ಹೋದರೆ ಸುಮಾರು ಒಂದು ಕೋಟಿ ಅರವತ್ತು ಲಕ್ಷ. ಅದೇ ಹೆಕ್ಟೇರ್ ಹೋಗದೆ ಉಳಿದರೆ ಅದರ ಹೆಸರಿನಲ್ಲಿ ಈ ಪೆಟ್ಟಿಗೆಗೆ ಒಂದು ಪೈಸೆಯೂ ಬೀಳುವುದಿಲ್ಲ.

ಹೀಗೆ ದೇಶದಾದ್ಯಂತ ಸಂಗ್ರಹವಾದ ಹಣ ವರ್ಷಗಟ್ಟಲೆ ಬ್ಯಾಂಕಿನಲ್ಲಿ ಕೊಳೆಯಿತು. 2016ರಲ್ಲಿ ಕಾಯ್ದೆ, 2018ರಲ್ಲಿ ನಿಯಮ, ಕೊನೆಗೆ 2019ರ ಆಗಸ್ಟಿನಲ್ಲಿ ಕೇಂದ್ರವು ರಾಜ್ಯಗಳಿಗೆ 47,436 ಕೋಟಿ ರೂಪಾಯಿ ಹಂಚಿತು; ಕರ್ನಾಟಕಕ್ಕೆ ಬಂದದ್ದು ಸುಮಾರು 1,350 ಕೋಟಿ. ಒಡಿಶಾ, ಛತ್ತೀಸಗಢಗಳಿಗೆ ಐದು ಸಾವಿರ ಕೋಟಿಗೂ ಮೀರಿ ಹೋಯಿತು. ಕಾರಣ ಸರಳ. ಅಲ್ಲಿ ಗಣಿಗೆ ಹೆಚ್ಚು ಕಾಡು ಹೋಗಿದೆ. ಈ ನಿಧಿಯಲ್ಲಿ ಶ್ರೀಮಂತರಾಗುವುದು ಕಾಡು ಕಳೆದುಕೊಂಡವರು, ಉಳಿಸಿಕೊಂಡವರಲ್ಲ. ನಿಯಮಗಳ ಪ್ರಕಾರ ನಿವ್ವಳ ಪ್ರಸಕ್ತ ಮೌಲ್ಯವೆಂದು ಕಟ್ಟಿಸಿಕೊಂಡ ಹಣದಲ್ಲಿ ಕನಿಷ್ಠ ಶೇ 80ರಷ್ಟು ಕಾಡು ಮತ್ತು ವನ್ಯಜೀವಿಗೆ ನೇರವಾಗಿ ಹೋಗಬೇಕು, ಕಾಯಂ ನೌಕರರ ಸಂಬಳಕ್ಕೆ, ವಿದೇಶ ಪ್ರವಾಸಕ್ಕೆ ಬಳಸುವಂತಿಲ್ಲ. ನಿಯಮ ಇದ್ದ ಮಾತ್ರಕ್ಕೆ ಮುಗಿಯಿತೇ? ಉತ್ತರಾಖಂಡದಲ್ಲಿ ಇದೇ ಹಣದಲ್ಲಿ ಐಫೋನ್, ಲ್ಯಾಪ್‌ಟಾಪ್, ಫ್ರಿಜ್ ಕೊಂಡಿದ್ದರೆಂದು ಮಹಾಲೇಖಪಾಲರ ವರದಿ 2025ರಲ್ಲಿ ಬಯಲು ಮಾಡಿತು. ಹಿಮಾಲಯದ ಯಾವ ಜೀವಿಗೆ ಫ್ರಿಜ್ ಬೇಕಿತ್ತೋ ಕಾಣೆ.

ಬದಲಿ ಅರಣ್ಯದ್ದೂ ಇಂಥದೇ ಕತೆ. ಮೈಸೂರು–ಕೋಝಿಕ್ಕೋಡ್ 400 ಕಿಲೋವೋಲ್ಟ್ ವಿದ್ಯುತ್ ಮಾರ್ಗಕ್ಕಾಗಿ 2015ರ ಆಸುಪಾಸಿನಲ್ಲಿ ದಕ್ಷಿಣ ಕೊಡಗಿನಲ್ಲಿ ಸಾವಿರಾರು ಮರ ಉರುಳಿದ್ದು ಇಲ್ಲಿನವರಿಗೆ ಮರೆತಿಲ್ಲ. ಇಂಥ ಯೋಜನೆ ಅರಣ್ಯ ಭೂಮಿ ಕೇಳಿದಾಗ ಕಾನೂನು ಬಯಸುವುದು ಅಷ್ಟೇ ವಿಸ್ತೀರ್ಣದ ಅರಣ್ಯೇತರ ಭೂಮಿಯಲ್ಲಿ, ಅಥವಾ ಕೆಲವು ಸಂದರ್ಭಗಳಲ್ಲಿ ಎರಡು ಪಟ್ಟು ಹಾಳುಬಿದ್ದ ಅರಣ್ಯದಲ್ಲಿ, ನೆಡುತೋಪು ಎಬ್ಬಿಸುವುದನ್ನು. ಅದು ಅದೇ ಜಿಲ್ಲೆಯಲ್ಲಿ ಇರಲೇಬೇಕೆಂದಿಲ್ಲ. ಕಡಿದದ್ದು ಘಟ್ಟದ ಕಾಡು, ನೆಟ್ಟದ್ದು ಬಯಲುಸೀಮೆಯ ಗುಡ್ಡದಲ್ಲಿ. ಎಕರೆಯ ಲೆಕ್ಕದಲ್ಲಿ ಎರಡೂ ಸಮ.

ಹಾನಿಯಾದ ಮೇಲೆ ಬರುವ ಹಣದಲ್ಲಿ ಜಿಲ್ಲೆಯ ಜನ ಹೆಚ್ಚು ಬಲ್ಲದ್ದು ಆನೆಯದು. ಆನೆ ದಾಳಿಯಿಂದ ಸತ್ತವರ ಕುಟುಂಬಕ್ಕೆ ಕೊಡುವ ಪರಿಹಾರವನ್ನು ರಾಜ್ಯ 2022ರ ಕೊನೆಯಲ್ಲಿ 7.5 ಲಕ್ಷದಿಂದ 15 ಲಕ್ಷಕ್ಕೆ ಏರಿಸಿತು. ಬೇಕಾದದ್ದೇ. ಸೋಲಾರ್ ಬೇಲಿ, ಆನೆ ಕಂದಕ, ಆನೆ ಕಾರ್ಯಪಡೆ, ರೇಡಿಯೊ ಕಾಲರ್, ಇವೆಲ್ಲಕ್ಕೂ ಹಣ ಬೇಕು. ಕೈ ಸುಡುವುದು ರೈಲು ಹಳಿಯ ಬೇಲಿ: ಕಿಲೋಮೀಟರಿಗೆ ಕೋಟಿ ರೂಪಾಯಿಗೂ ಹೆಚ್ಚು. ಹಳೆಯ ಹಳಿಗಳನ್ನು ಕೊಂಡು, ಕಾಂಕ್ರೀಟಿನಲ್ಲಿ ನೆಟ್ಟು, ಅಡ್ಡಲಾಗಿ ಬೆಸೆಯುತ್ತಾರೆ. ಬಹುತೇಕ ಕಡೆ ಅದು ಕೆಲಸ ಮಾಡಿದೆ. ಆದರೆ 2018ರ ಡಿಸೆಂಬರಿನಲ್ಲಿ ನಾಗರಹೊಳೆಯ ವೀರನಹೊಸಹಳ್ಳಿ ಬಳಿ ಅದನ್ನು ದಾಟಲು ಹೋದ ಗಂಡಾನೆಯೊಂದು ಹಳಿಯ ಮೇಲೆಯೇ ಸಿಕ್ಕಿಕೊಂಡು ಸತ್ತಿತು. ಕೊಡಗಿನಲ್ಲಿ ಇನ್ನೊಂದು ಗೊಂದಲವೂ ಇದೆ: ಬೇಲಿಯ ಯಾವ ಬದಿ ಒಳಗೆ? ಎಷ್ಟೋ ಆನೆಗಳು ವರ್ಷದ ಬಹುಕಾಲ ಕಳೆಯುವುದು ಕಾಫಿ ತೋಟದಲ್ಲಿ. ನೆರಳು, ಕೆರೆ, ಹಲಸು, ಗದ್ದೆಯ ಬತ್ತ ಎಲ್ಲ ಅಲ್ಲೇ ಸಿಗುವಾಗ ಲಂಟಾನ ತುಂಬಿದ ಕಾಡಿಗೆ ಮರಳುವ ದರ್ದು ಅವಕ್ಕೇನು? ಬೇಲಿಗೆ ಹಾಕುವ ಕೋಟಿಗಳಲ್ಲಿ ಒಂದು ಪಾಲನ್ನು ಲಂಟಾನ ಕೀಳಿಸಿ, ಬಿದಿರು, ಹುಲ್ಲು ಬರುವಂತೆ ಮಾಡಲು ಹಾಕಬೇಕೆಂಬುದು ನನ್ನ ಅಭಿಪ್ರಾಯ. ಆದರೆ ಕಳೆ ಕಿತ್ತ ಜಾಗವನ್ನು ಮಂತ್ರಿಗಳು ರಿಬ್ಬನ್ ಕತ್ತರಿಸಿ ಉದ್ಘಾಟಿಸಲು ಬರುವುದಿಲ್ಲ.

ಹಣ ಬಂದರೆ ಸಾಕು ಎಲ್ಲ ಸರಿಹೋಗುತ್ತದೆ ಎನ್ನುವವರು ನಾಗರಹೊಳೆಯ ಇನ್ನೊಂದು ಅಧ್ಯಾಯ ನೋಡಬೇಕು. 1996ರಲ್ಲಿ ವಿಶ್ವಬ್ಯಾಂಕ್ ನೆರವಿನ ಪರಿಸರ ಅಭಿವೃದ್ಧಿ ಯೋಜನೆಗೆ ದೇಶದ ಏಳು ತಾಣಗಳನ್ನು ಆರಿಸಿದಾಗ ನಾಗರಹೊಳೆಯೂ ಅದರಲ್ಲಿತ್ತು. ಕಾಡಿನೊಳಗಿನ ಆದಿವಾಸಿಗಳನ್ನು ಕೇಳದೆ ಅವರ ಬದುಕನ್ನು ತೀರ್ಮಾನಿಸಿದರೆಂದು ಬ್ಯಾಂಕಿನ ತಪಾಸಣಾ ಸಮಿತಿಗೇ 1998ರಲ್ಲಿ ದೂರು ಹೋಯಿತು. ತನಿಖೆ ಆಗಬೇಕೆಂದು ಸಮಿತಿ ಶಿಫಾರಸು ಮಾಡಿದರೂ ಬ್ಯಾಂಕಿನ ಆಡಳಿತ ಮಂಡಳಿ ಅದಕ್ಕೆ ಒಪ್ಪಲಿಲ್ಲ. ಆ ಹೊತ್ತಿನಲ್ಲೇ ಉದ್ಯಾನದೊಳಗೆ ತಾಜ್ ಸಮೂಹಕ್ಕೆ ಹೋಟೆಲ್ ನಡೆಸಲು ಕೊಟ್ಟಿದ್ದ ಗುತ್ತಿಗೆಯನ್ನು ಆದಿವಾಸಿಗಳು ವಿರೋಧಿಸಿ ಹೈಕೋರ್ಟಿನಲ್ಲಿ ಗೆದ್ದಿದ್ದರು. ಕಾಡಿನಿಂದ ಹೊರಬರುವ ಕುಟುಂಬಕ್ಕೆ 2008ರಲ್ಲಿ 10 ಲಕ್ಷ, 2021ರಿಂದ 15 ಲಕ್ಷದ ಪ್ಯಾಕೇಜು ಇದೆ. ಒಳಗೇ ಉಳಿದು ಕಾಡು ಕಾಯುತ್ತೇನೆ ಎನ್ನುವ ಕುಟುಂಬಕ್ಕೆ ಅಂಥ ಪ್ಯಾಕೇಜು ಇಲ್ಲ. 2025ರ ಮೇ ತಿಂಗಳಲ್ಲಿ ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಗೆ ಜೇನುಕುರುಬ ಕುಟುಂಬಗಳು ಅರಣ್ಯ ಹಕ್ಕು ಕಾಯ್ದೆಯ ಹೆಸರು ಹೇಳಿ ಮರಳಿ ಹೋಗಿ ಗುಡಿಸಲು ಹಾಕಿಕೊಂಡದ್ದು ಈ ಹಳೆಯ ಬಾಕಿಯ ಮುಂದುವರಿಕೆ.

ಇನ್ನು ಖಾತೆಯೇ ಇಲ್ಲದ ಕಾಡಿನ ಮಾತಿಗೆ ಬರೋಣ. ಕೊಡಗಿನಲ್ಲಿ 1,214 ದೇವರಕಾಡುಗಳಿವೆ. ಅಯ್ಯಪ್ಪನ ಕಾಡಿಗೆ ಹೋದರೆ ಮರದ ಬುಡದಲ್ಲಿ ಹರಕೆಯ ಮಣ್ಣಿನ ನಾಯಿಗಳು ಸಾಲಾಗಿ ಕೂತಿರುತ್ತವೆ, ಕೆಲವು ಹಾವಸೆ ಹಿಡಿದು, ಕೆಲವು ಕಿವಿ ಮುರಿದು. ಮರಕ್ಕೆ ಕೊಡಲಿ ಹಾಕಬಾರದೆಂಬ ಕಟ್ಟಳೆಯೇ ಇಲ್ಲಿನ ಬಜೆಟ್. 1905ರಲ್ಲಿ ಇವುಗಳ ಒಟ್ಟು ವಿಸ್ತೀರ್ಣ ಆರು ಸಾವಿರ ಹೆಕ್ಟೇರಿಗೂ ಹೆಚ್ಚಿತ್ತು. ಆ ವರ್ಷ ಕಂದಾಯ ಇಲಾಖೆಯ ಕೈಗೆ ಹೋದವು, 1985ರಲ್ಲಿ ಅರಣ್ಯ ಇಲಾಖೆಗೆ ಮರಳುವಾಗ ಉಳಿದದ್ದು ಸುಮಾರು 2,550 ಹೆಕ್ಟೇರ್. ದೇವರ ಭಯ ಸಾಲದೆ ಹೋದ ಕಡೆ ಗಡಿಕಲ್ಲಿಗೂ ಸರ್ವೆಗೂ ಒಂದಷ್ಟು ದುಡ್ಡು ಬೇಕಾಗಿತ್ತು.

ಕಾಫಿ ತೋಟದಲ್ಲಿ ಲೆಕ್ಕ ಇನ್ನೂ ಕಹಿ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಈ ಜಿಲ್ಲೆಯದು. ಹಳೆಯ ತೋಟದಲ್ಲಿ ಕಾಫಿಯ ಮೇಲೆ ನಂದಿ, ಹಲಸು, ಬಸರಿ, ಹೊನ್ನೆ, ಬೀಟೆ ಮರಗಳ ಚಪ್ಪರ. ಆ ಮರದ ಒಡೆಯ ಯಾರು ಎಂಬುದೇ ಇಲ್ಲಿ ಜಟಿಲ. 1899ರ ಕೊಡಗು ಭೂಕಂದಾಯ ನಿಯಮದ ಕಾಲದಿಂದಲೂ, ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಂಡ ಜಮೀನು ‘ರಿಡೀಮ್ಡ್’, ಕಟ್ಟದೆ ಉಳಿದದ್ದು ‘ಅನ್‌ರಿಡೀಮ್ಡ್’. ಎರಡನೆಯದರಲ್ಲಿ ಬೆಳೆಗಾರ ಮರವನ್ನು ತಲೆಮಾರುಗಳಿಂದ ಸಾಕಿದ್ದರೂ ಅದರ ಬೆಲೆ ಸರ್ಕಾರದ್ದು. ತನ್ನದೇ ಮರವಾದರೂ ಕಡಿಯಲು 1976ರ ಮರ ಸಂರಕ್ಷಣಾ ಕಾಯ್ದೆಯಡಿ ಅನುಮತಿ, ಸರ್ವೆ, ಸಾಗಣೆ ಪರವಾನಗಿ ಎಂದು ಅಲೆಯಬೇಕು. ಸಿಲ್ವರ್ ಓಕ್‌ಗೆ ಆ ಅನುಮತಿಯ ತೊಡಕಿಲ್ಲ. ಬೇಗ ಬೆಳೆಯುತ್ತದೆ, ಕಾಳುಮೆಣಸಿನ ಬಳ್ಳಿ ಹಬ್ಬಿಸಬಹುದು, ಮಗಳ ಮದುವೆಗೆ ಮಾರಬಹುದು. ಬೆಳೆಗಾರ ಏನು ಮಾಡಿಯಾನು? ನಂದಿ ಮರದ ಸಸಿ ಮೊಳೆತರೆ ಕಳೆ ತೆಗೆಯುವಾಗಲೇ ಕಿತ್ತು ಹಾಕಿ, ಅದರ ಜಾಗದಲ್ಲಿ ಸಿಲ್ವರ್ ಓಕ್ ನೆಡುತ್ತಾನೆ. ಅರಣ್ಯ ಉಳಿಸಲು ಮಾಡಿದ ಕಾನೂನು ಕಾಡುಮರವನ್ನು ಹೊರೆಯಾಗಿಸಿದೆ, ಹೊರಗಿನ ಮರವನ್ನು ಆಸ್ತಿಯಾಗಿಸಿದೆ. ಪಶ್ಚಿಮ ಘಟ್ಟದ ಬಗ್ಗೆ 2011ರಲ್ಲಿ ವರದಿ ಕೊಟ್ಟ ಮಾಧವ ಗಾಡ್ಗೀಳ್ ಸಮಿತಿ, ಕಾಡುಮರ, ದೇವರಕಾಡು ಉಳಿಸಿಕೊಂಡವರಿಗೆ ಸಂರಕ್ಷಣಾ ಸೇವಾ ಶುಲ್ಕ ಕೊಡಬೇಕೆಂದು ಹೇಳಿತ್ತು. ನಿರ್ಬಂಧಗಳ ಪುಟ ಎಲ್ಲರ ಬಾಯಲ್ಲೂ ಜಗಳವಾಯಿತು. ಈ ಪುಟವನ್ನು ಯಾರೂ ತೆರೆಯಲಿಲ್ಲ. ಆಮೇಲೆ ಬಂದ ಕಸ್ತೂರಿರಂಗನ್ ವರದಿಯ ಆಧಾರದ, ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶಗಳನ್ನು ಗುರುತಿಸುವ ಕರಡು ಅಧಿಸೂಚನೆ 2024ರ ಜುಲೈನಲ್ಲಿ ಆರನೇ ಬಾರಿ ಹೊರಬಿತ್ತು. ಊರವರ ಪ್ರಶ್ನೆ ಹಳೆಯದೇ: ಮಾಡಬಾರದ್ದರ ಪಟ್ಟಿ ಬಂತು, ಮಾಡಿದ್ದಕ್ಕೆ ಏನು ಕೊಡುತ್ತೀರಿ?

ಕೊಡಬಹುದಾದವರು ಇದ್ದಾರೆ. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಕಾವೇರಿ ಐದನೇ ಹಂತ ಬೆಂಗಳೂರಿಗೆ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ನೀರು ಒದಗಿಸುವ ಯೋಜನೆ. ಆ ನೀರೆಲ್ಲ ಕೊಡಗಿನದೇ ಅಲ್ಲ, ಹೇಮಾವತಿಯೂ ಸೇರಿದೆ. ಆದರೆ ತಲಕಾವೇರಿಯ ತಪ್ಪಲಿನ ಕಾಡು, ತೋಟ, ಗದ್ದೆ ನೀರು ಹಿಡಿದಿಡದಿದ್ದರೆ ಬೇಸಿಗೆಯಲ್ಲಿ ಪಂಪಿಗೆ ಸಿಗುವುದು ಕಡಿಮೆಯೇ. ನೀರು ಕುಡಿಯುವ ನಗರ ನೀರು ಕಾಯುವ ಬೆಟ್ಟಕ್ಕೆ ಹಣ ಕೊಡುವುದು ಹೊಸ ವಿಚಾರವಲ್ಲ. ನ್ಯೂಯಾರ್ಕ್ ನಗರ 1997ರಲ್ಲಿ ಕ್ಯಾಟ್‌ಸ್ಕಿಲ್ ಬೆಟ್ಟಗಳ ಊರುಗಳೊಂದಿಗೆ ಒಪ್ಪಂದ ಮಾಡಿಕೊಂಡು, ಶತಕೋಟಿಗಟ್ಟಲೆ ಡಾಲರಿನ ಶುದ್ಧೀಕರಣ ಘಟಕದ ಬದಲು ಬೆಟ್ಟದ ಭೂಮಿ ಮತ್ತು ಅಲ್ಲಿನ ರೈತರಿಗೆ ಹಣ ಹಾಕಿತು. ಕೋಸ್ಟರಿಕಾ ಅದೇ ವರ್ಷದಿಂದ ಇಂಧನ ತೆರಿಗೆಯ ಒಂದು ಪಾಲನ್ನು ಕಾಡು ಉಳಿಸಿಕೊಂಡ ಭೂಮಾಲೀಕರಿಗೆ ಕೊಡುತ್ತಿದೆ. ನಮ್ಮಲ್ಲಿ 2024ರ ನವೆಂಬರಿನಲ್ಲಿ ಅರಣ್ಯ ಸಚಿವ ಈಶ್ವರ ಖಂಡ್ರೆ, ಪಶ್ಚಿಮ ಘಟ್ಟದಲ್ಲಿ ಹುಟ್ಟುವ ನದಿಗಳ ನೀರು ಬಳಸುವ ನಗರಗಳ ನೀರಿನ ಬಿಲ್ಲಿಗೆ ಎರಡು ಮೂರು ರೂಪಾಯಿ ಹಸಿರು ಸೆಸ್ ಹಾಕುವ ಪ್ರಸ್ತಾವ ಸಿದ್ಧಪಡಿಸಲು ಅಧಿಕಾರಿಗಳಿಗೆ ಸೂಚಿಸಿದರು. ನಗರದಲ್ಲಿ ಹುಯಿಲೆದ್ದಿತು. ಎರಡು ರೂಪಾಯಿಗೆ ಇಷ್ಟು ಗದ್ದಲವೇ ಎಂದು ಘಟ್ಟದವರು ನಕ್ಕರು.

ನಗುವುದಕ್ಕೆ ಮೊದಲು ಪ್ರಸ್ತಾವವನ್ನು ಸರಿಯಾಗಿ ಓದಬೇಕಿತ್ತು. ಸೆಸ್ಸಿನ ಹಣ ಹೋಗಬೇಕೆಂದಿದ್ದುದು ಕಾಡಂಚಿನಲ್ಲಿ ಮಾರಲು ಒಪ್ಪುವ ರೈತರಿಂದ ಜಮೀನು ಕೊಳ್ಳಲು, ವನ್ಯಜೀವಿ ಸಂಘರ್ಷ ತಡೆಯಲು. ಎಂದರೆ ಜಮೀನು ಬಿಟ್ಟು ಹೋಗುವವನಿಗೆ ಬೆಲೆ ಉಂಟು. ಜಮೀನು ಇಟ್ಟುಕೊಂಡು ಅದರಲ್ಲಿ ನಂದಿ ಮರ ಉಳಿಸಿದವನಿಗೆ ಅದರಲ್ಲೂ ಜಾಗವಿಲ್ಲ. ಆ ಸೆಸ್ ಇನ್ನೊಂದು ಹೆಸರಿನಲ್ಲಿ ಮತ್ತೆ ಬಂದರೆ ಜಿಲ್ಲೆಯ ಗ್ರಾಮಸಭೆಗಳು, ಬೆಳೆಗಾರರ ಸಂಘಗಳು ದರಕ್ಕಿಂತ ಮೊದಲು ಮೂರು ಸಂಗತಿ ಕೇಳಬೇಕು. ಹಣ ಸಂಚಿತ ನಿಧಿಗೆ ಬೀಳುತ್ತದೆಯೋ, ಬೇರೆ ನಿಧಿಗೋ? ಮಾರ್ಚ್ 31ಕ್ಕೆ ಉಳಿದದ್ದು ವಾಪಸು ಹೋಗುತ್ತದೆಯೋ, ಏಪ್ರಿಲಿನಲ್ಲಿ ಬೆಂಕಿ ಕಾಯುವವರ ಕೈಗೆ ಸಿಗುತ್ತದೆಯೋ? ಮತ್ತು ಅದನ್ನು ಪಡೆಯಬಲ್ಲವರ ಪಟ್ಟಿಯಲ್ಲಿ ದೇವರಕಾಡಿನ ಸಮಿತಿ, ಹಾಡಿಯ ಅರಣ್ಯ ಹಕ್ಕು ಸಮಿತಿ, ಐದು ಎಕರೆಯ ಕಾಫಿ ಬೆಳೆಗಾರ ಇದ್ದಾರೆಯೋ, ಇಲ್ಲ ಅಲ್ಲೂ ಇಲಾಖೆ ಮತ್ತು ಗುತ್ತಿಗೆದಾರ ಇಬ್ಬರೇ ಇದ್ದಾರೆಯೋ?